ನಿಂತರೆ ಕುದಿಯುವ ಕಾರು

ಚಾರ್ಮಾಡಿ ಘಾಟಿಯ ಅರಣ್ಯ ಶಿಬಿರದಲ್ಲಿ ಮರ ಬಿದ್ದು ಗಾರ್ಡ್ ಜಯಪಾಲನ ಕಾಲು ಜಜ್ಜಿಹೋಗಿದೆ ಎಂಬ ಸುದ್ದಿ ಮಂಗಳೂರು ಮುಟ್ಟಿದ್ದು ೧೯೫೯ರ ಆಗಸ್ಟಿನ ಒಂದು ಬೆಳಿಗ್ಗೆ. ಗುಡ್ಡ ಜರಿದು ಬಸ್ಸು ನಿಂತಿತ್ತು; ಸಣ್ಣ ಕಾರಾದರೆ ದಾಟೀತು ಎನ್ನುತ್ತಿದ್ದರು. ಆದರೆ ಟ್ಯಾಕ್ಸಿಯವರು ಯಾರೂ ಒಪ್ಪಲಿಲ್ಲ. ಪಡೀಲಿನಲ್ಲಿ ಹೋಟೆಲು ನಡೆಸುತ್ತಿದ್ದ ಮಹಾಬಲ, ಜಯಪಾಲನ ಅಣ್ಣ, ಕೊನೆಗೆ ಪರಿಚಯದ ವಿಲ್ಲಿಯ ಅಂಗಳಕ್ಕೆ ಬಂದು ತಗಡಿನ ಮಾಡಿನಡಿಯ ಕಪ್ಪು ಕಾರನ್ನೇ ನೋಡುತ್ತಾ ನಿಂತ. ಬಾಯಿ ಬಿಟ್ಟು ಕೇಳಲು ಅವನಿಗೆ ಧೈರ್ಯ ಬರಲಿಲ್ಲ.

ಅದು ವಿಲ್ಲಿಯ ಅಣ್ಣ ನೊರ್ಬರ್ಟನ ಕಾರು. ಹಿಂದಿನ ಮಳೆಗಾಲದಲ್ಲಿ ಅದೇ ಘಾಟಿಯ ತಿರುವಿನಲ್ಲಿ ಅದು ಆವಿ ಉಗುಳುತ್ತಾ ನಿಂತಿತ್ತು. ನೀರು ತರಲು ಕಮರಿಗಿಳಿದ ನೊರ್ಬರ್ಟ್ ಪಾಚಿಗಲ್ಲಿನಿಂದ ಜಾರಿ ಸತ್ತಿದ್ದ. ಆಮೇಲೆ ರೇಡಿಯೇಟರ್ ತೊಳೆಸಿದ್ದಾಯಿತು, ಹೊಸ ಬ್ಯಾಟರಿ ಹಾಕಿಸಿದ್ದಾಯಿತು. ಓಡುವಾಗ ಏನೂ ಇಲ್ಲ, ನಿಂತರೆ ಕುದಿಯುತ್ತದೆ. ಬ್ಯಾಟರಿಯಂತೂ ಮತ್ತೆ ಮತ್ತೆ ಸಾಯುತ್ತದೆ. ನೊರ್ಬರ್ಟ್ ಅದನ್ನು ನಿಲ್ಲಲು ಬಿಡುವುದಿಲ್ಲ ಎಂದು ನೆರೆಕರೆಯವರು ದನಿ ತಗ್ಗಿಸಿ ಆಡಿಕೊಳ್ಳುತ್ತಿದ್ದರು. ಅತ್ತಿಗೆ ಕಾರ್ಮಿನ್ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ.

"ಹೋಗುವ, ಮಹಾಬಲಣ್ಣ," ಎಂದ ವಿಲ್ಲಿ. "ನೀರಿನ ಡಬ್ಬಗಳನ್ನು ತನ್ನಿ."

ಬಂಟ್ವಾಳ ದಾಟಿ ಬೆಳ್ತಂಗಡಿಯವರೆಗೂ ಕಾರು ಸುಖವಾಗಿ ಓಡಿತು. ಘಾಟಿ ಹತ್ತತೊಡಗಿದ ಮೇಲೆ ಕಾಡು ಎರಡೂ ಕಡೆಯಿಂದ ಬಾಗಿ ಬಂತು. ಹಗಲಾದರೂ ಮಂಜಿನಲ್ಲಿ ಮರಗಳ ಬುಡ ಮಾತ್ರ ಕಾಣುತ್ತಿತ್ತು, ತುದಿಗಳಿಲ್ಲ. ಬಂಡೆಗಳಿಂದ ನೀರು ದಾರದಂತೆ ಇಳಿಯುತ್ತಿತ್ತು. ಅಣ್ಣನ ಭಾರಕ್ಕೆ ಕುಸಿದಿದ್ದ ಸೀಟಿನಲ್ಲಿ ಕುಳಿತ ವಿಲ್ಲಿಗೆ, ತಾನು ಅವನ ತೊಡೆಯ ಮೇಲೆಯೇ ಕುಳಿತಂತೆ ಅನ್ನಿಸುತ್ತಿತ್ತು. ಜರಿದ ಮಣ್ಣು ಅಡ್ಡ ಬಂದಲ್ಲೆಲ್ಲ ನಿಂತು ಕೆದಕಿ ದಾರಿ ಮಾಡಬೇಕಾಯಿತು. ನಿಂತಲ್ಲೆಲ್ಲ ನೀರು ಖರ್ಚಾಯಿತು.

ನೊರ್ಬರ್ಟ್ ಜಾರಿದ್ದ ಆ ತಿರುವಿಗೆ ಬಂದಾಗ ಡಬ್ಬಗಳು ಬರಿದಾಗಿದ್ದವು. ಎದುರಿಗೆ ದೊಡ್ಡ ಕೊಂಬೆ ಬಿದ್ದಿತ್ತು.

ಮಹಾಬಲ ಕತ್ತಿ ಹಿಡಿದು ಕಡಿಯಲು ಹೋದ. ಎಂಜಿನ್ ಆರಿಸುವಂತಿರಲಿಲ್ಲ. ಬ್ಯಾಟರಿ ಬಹುತೇಕ ಸತ್ತಿತ್ತು, ಬಿಸಿ ಎಂಜಿನ್ ಹ್ಯಾಂಡಲ್ ಹೊಡೆದರೂ ಏಳುವುದು ಕಷ್ಟ.

ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿತು.

ವಿಲ್ಲಿ ಖಾಲಿ ಡಬ್ಬ ಎತ್ತಿಕೊಂಡು ರಸ್ತೆಯಂಚಿಗೆ ಬಂದ. ಕೆಳಗೆ ತೊರೆ ಕಾಣಲಿಲ್ಲ, ಸದ್ದು ಮಾತ್ರ ಕೇಳಿತು. ಆ ಸದ್ದಿನ ನಡುವೆ ತಗಡಿನ ಡಬ್ಬ ಕಲ್ಲಿಗೆ ತಾಗಿದಂತೆ ಇನ್ನೊಂದು ಸದ್ದು. ಯಾರೋ ಕೆಳಗೆ ನೀರು ತುಂಬಿಸುತ್ತಿದ್ದಂತೆ. ಅವನ ಒಂದು ಕಾಲು ಆಗಲೇ ಇಳಿಜಾರಿನ ಮೇಲಿತ್ತು.

"ವಿಲ್ಲಿ," ಎಂದ ಮಹಾಬಲ, ಕತ್ತಿ ಕೆಳಗಿಟ್ಟು. "ಅಲ್ಲಿ ಇಳಿಯಬೇಡ ಮಾರಾಯ. ಒಬ್ಬ ಹೋದದ್ದು ಸಾಕು."

ವಿಲ್ಲಿ ತಿರುಗಿದ. ಕಾರಿನ ಮೂತಿಯ ಜಾಲರಿಗೆ ಒಂದು ಒಣಗಿದ ಎಲೆ ಬಂದು ತಾಗಿತು, ಮೆಲ್ಲಗೆ ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನು ಎತ್ತಿ ಮತ್ತೆ ಜಾಲರಿಗೆ ಒತ್ತಿದ. ಮತ್ತೆ ಬಿತ್ತು. ಒಳಗಿನ ಫ್ಯಾನ್ ಗಾಳಿ ಎಳೆಯುತ್ತಿದ್ದರೆ ಎಲೆ ಅಂಟಿಕೊಳ್ಳಬೇಕಿತ್ತು. ಓಡುವಾಗ ಎದುರುಗಾಳಿ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಫ್ಯಾನೇ ಗತಿ.

ಬಾನೆಟ್ ಎತ್ತಿದ. ಎಂಜಿನ್ ತಿರುಗುತ್ತಿತ್ತು, ಫ್ಯಾನ್ ಮಾತ್ರ ಬೇಕೋ ಬೇಡವೋ ಎಂಬಂತೆ ಸೋಮಾರಿಯಾಗಿ ಸುತ್ತುತ್ತಿತ್ತು. ಎಣ್ಣೆ ಕುಡಿದು ಹೊಳೆಯುತ್ತಿದ್ದ ಬೆಲ್ಟು ರಾಟೆಯ ಮೇಲೆ ಸುಮ್ಮನೆ ಜಾರುತ್ತಿತ್ತು. ಫ್ಯಾನನ್ನೂ ನೀರಿನ ಪಂಪನ್ನೂ ತಿರುಗಿಸುವುದು ಅದೇ ಬೆಲ್ಟು. ಬ್ಯಾಟರಿ ತುಂಬಿಸುವ ಡೈನಮೊವನ್ನೂ ಅದೇ. ಎರಡು ರೋಗವೆಂದು ತಿಳಿದು ಒಂದು ವರ್ಷ ಮದ್ದು ಮಾಡಿದ್ದರು. ಇದ್ದದ್ದು ಒಂದೇ.

"ಎಂಜಿನ್ ಆರಿಸಬೇಕು," ಎಂದ ವಿಲ್ಲಿ.

"ಮತ್ತೆ ಏಳದಿದ್ದರೆ?"

"ಆರಿಸದಿದ್ದರೆ ಸುಟ್ಟೇ ಹೋಗ್ತದೆ."

ಕೀಲಿ ತಿರುಗಿಸಿದ. ತೊರೆಯ ಸದ್ದು ಒಮ್ಮೆಲೇ ಹತ್ತಿರ ಬಂದಂತಾಯಿತು. ಅಂಗಿ ಬಿಚ್ಚಿ ಪೆಟ್ರೋಲಿನಲ್ಲಿ ಅದ್ದಿ ಬೆಲ್ಟಿನ ಎಣ್ಣೆ ಒರೆಸಿದ. ಡೈನಮೊದ ಬೋಲ್ಟು ಸಡಿಲಿಸಿದಾಗ ಮಹಾಬಲ ಕೊಂಬೆಯ ತುಂಡನ್ನು ಸಂದಿಗೆ ಕೊಟ್ಟು ಅದನ್ನು ಹೊರಕ್ಕೆ ಮೀಟಿ ಹಿಡಿದ. ಬೆಲ್ಟು ಬಿಗಿಯಿತು. ಬಿಸಿ ಲೋಹಕ್ಕೆ ತಾಗಿ ವಿಲ್ಲಿಯ ಮಣಿಕಟ್ಟು ಸುಟ್ಟಿತು. ಅವನು ಬೋಲ್ಟು ಬಿಗಿದೇ ಕೈ ತೆಗೆದ.

ಎಂಜಿನ್ ತಣಿಯುವಷ್ಟು ಹೊತ್ತಿನಲ್ಲಿ ಇಬ್ಬರೂ ಕೊಂಬೆ ಕಡಿದು ಬದಿಗೆ ಎಳೆದರು. ಈಗ ಕಾಯಲು ಹೊತ್ತಿದ್ದುದರಿಂದ, ಬಂಡೆಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ರಸ್ತೆಯಲ್ಲೇ ನಿಂತು ಡಬ್ಬಕ್ಕೆ ಹಿಡಿದು ರೇಡಿಯೇಟರಿಗೆ ಸುರಿದರು. ಹ್ಯಾಂಡಲ್ ಹೊಡೆದರೆ ಎಂಜಿನ್ ಕೆಮ್ಮಿತು. ಮತ್ತೆ ಹೊಡೆದರು, ಮತ್ತೆ ಕೆಮ್ಮಿತು. ಮಹಾಬಲನ ಅಂಗೈ ಸಿಪ್ಪೆ ಎದ್ದಿತು. ಕೊನೆಗೆ ಎಂಜಿನ್ ಗುಡುಗುತ್ತಾ ಎದ್ದಿತು. ವಿಲ್ಲಿ ಒಂದು ಎಲೆ ಹಿಡಿದ. ಜಾಲರಿ ಅದನ್ನು ಕೈಯಿಂದ ಕಸಿದು ಅಂಟಿಸಿಕೊಂಡಿತು.

ಶಿಬಿರದಲ್ಲಿ ಜಯಪಾಲನಿಗೆ ಜ್ವರ ಏರಿತ್ತು. ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಘಾಟಿ ಇಳಿದರು. ಪಡೀಲಿನಲ್ಲಿ ರೈಲು ಗೇಟು ಹಾಕಿತ್ತು. ಗೂಡ್ಸು ಗಾಡಿ ಮುಗಿಯದಂತೆ ಸಾಗಿತು. ಮಹಾಬಲ ತಮ್ಮನನ್ನು ನೋಡಲಿಲ್ಲ, ಬಿಸಿಯ ಮುಳ್ಳನ್ನೇ ನೋಡುತ್ತಿದ್ದ. ಅದು ಇದ್ದಲ್ಲೇ ಇತ್ತು.

ಕಂಕನಾಡಿಯ ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ಉಳಿಯಬಹುದು ಎಂದರು.

ವಿಲ್ಲಿ ಮನೆಗೆ ಬಂದಾಗ ಕಾರ್ಮಿನ್ ಜಗಲಿಯಲ್ಲಿದ್ದಳು. ಅವನು ಎಲ್ಲವನ್ನೂ ಹೇಳಿದ, ಬಾನೆಟ್ ಎತ್ತಿ ಬೆಲ್ಟನ್ನೂ ತೋರಿಸಿದ. ಅವಳು ಜಗಲಿಯಂಚಿಗೆ ಬಂದು ಬೆಲ್ಟನ್ನೇ ನೋಡಿದಳು.

"ಅವರು ಹೋದ ದಿನ ಬೆಳಿಗ್ಗೆ ಕಾರಿಗೆ ನೀರು ತುಂಬಿಸಿದ್ದು ನಾನು," ಎಂದಳು ಆಮೇಲೆ. "ಕಂಠದವರೆಗೆ ತುಂಬಿಸಿದ್ದೆನೋ ಇಲ್ಲವೋ ಎಂದು ಇಡೀ ವರ್ಷ ನೆನಪು ಮಾಡಿಕೊಳ್ತಾ ಇದ್ದೇನೆ."

"ನೀವು ಎಷ್ಟು ತುಂಬಿಸಿದ್ದರೂ ಅದು ಕುದಿಯುತ್ತಿತ್ತು," ಎಂದ ವಿಲ್ಲಿ.

ಕಾರ್ಮಿನ್ ಅಂಗಳಕ್ಕಿಳಿದು, ಇನ್ನೂ ಬೆಚ್ಚಗಿದ್ದ ಕಾರಿನ ಮೇಲೆ ಅಂಗೈ ಇಟ್ಟಳು. ಕೈಯನ್ನು ಹಿಂದೆಗೆಯಲಿಲ್ಲ.