ಪಂಪಾ ನಿಲಯದ ಮುಂದೆ ಮಾಡಿದ ಬಾಗಿಲು

೨೦೦೯ರ ಡಿಸೆಂಬರ್ ೧೪, ಸೋಮವಾರ ಬೆಳಿಗ್ಗೆ ಹಂಪಿ ಠಾಣೆಗೆ ಬಂದ ವಿರೂಪಾಕ್ಷಪ್ಪ ಕುರ್ಚಿಯಲ್ಲಿ ಕೂರುವ ಮೊದಲೇ ಶುರುಮಾಡಿದ.

“ಸಾಹೇಬ್ರ, ನಮ್ಮ ಪಂಪಾ ನಿಲಯದ ಬುಕಿಂಗ್ ಪೇಜ್ ಯಾರೋ ಬಂದ್ ಮಾಡ್ಯಾರ. ಸೀಜನ್ ಹೊತ್ತಿನ್ಯಾಗ ಹೊಟ್ಟಿ ಮ್ಯಾಲೆ ಹೊಡದಾರ್ರಿ.”

“ಯಾವಾಗಿಂದ?” ಇನ್‌ಸ್ಪೆಕ್ಟರ್ ಬಸವಕುಮಾರ್ ಕೇಳಿದರು.

“ಶುಕ್ರವಾರದಿಂದ. ನಮ್ದೊಂದ ಅಲ್ರಿ. ಪಂಪಾ ವಿಲಾಸ, ಪಂಪಾ ಪ್ಯಾರಡೈಸ್, ನ್ಯೂ ಪಂಪಾ, ಎಲ್ಲಾವೂ.”

ಹಂಪಿಯಲ್ಲಿ ಎರಡು ರೂಮು ಬಾಡಿಗೆಗೆ ಬಿಟ್ಟವನು ಹೆಸರಿಗಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಪಂಪಾ ಎಂದಿಟ್ಟು ಹಿಂದೆ ಮುಂದೆ ಏನಾದರೊಂದು ಅಂಟಿಸಿದರೆ ಆಯಿತು. ಹೊಸಪೇಟೆಯ ಲಾಡ್ಜುಗಳೆಲ್ಲ ಅದಿರು ವ್ಯಾಪಾರಿಗಳಿಂದ ತುಂಬಿ, ಈ ರೂಮುಗಳಿಗೂ ಚಿನ್ನದ ಬೆಲೆ ಬಂದಿತ್ತು. ಉಳಿದ ಮನೆಗಳವರೂ ದೂರಿಗೆ ಸಹಿ ಹಾಕಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು.

ಆ ಪೇಜುಗಳನ್ನೆಲ್ಲ ನಡೆಸುತ್ತಿದ್ದವನು ಹೊಸಪೇಟೆ ಬಸ್ ನಿಲ್ದಾಣದೆದುರಿನ ಮಹಡಿಯಲ್ಲಿ ಆಫೀಸಿಟ್ಟಿದ್ದ ಮನೋಹರ್. ಗಣಿ ಕಚೇರಿಯೊಂದಕ್ಕೆ ಕಂಪ್ಯೂಟರ್ ಜೋಡಿಸಲು ಸಂಡೂರಿಗೆ ಹೋಗಿದ್ದವನು ಆಗಷ್ಟೇ ವಾಪಸಾಗಿದ್ದ.

“ಪೇಜ್ ಬಂದ್ ಮಾಡಾಕ ನಮ್ಮದೊಂದು ಟೂಲ್ ಐತ್ರಿ. ರಿಪೇರಿ, ಮದುವಿ ಅಂತ ರೂಮ್ ಕೊಡದವರಿಗೆ. ಬಂದ್ ಮಾಡಾಕ ಆಫೀಸಿನ್ಯಾಗ ಯಾರಾದ್ರೂ ಆದೀತು. ತೆಗಿಯಾಕ ನನ್ನ ಪಾಸ್‌ವರ್ಡ್ ಬೇಕು. ಈಗ ತೆಗೀಲೇನ್ರಿ?”

“ಬ್ಯಾಡ. ಪಂಚನಾಮೆ ಮುಗಿಯೋತನಕ ಮುಟ್ಟಬ್ಯಾಡ್ರಿ.”

ಮೇಜಿನ ಮೇಲೆ ಆ ಟೂಲಿನ ಕೈಪಿಡಿ ಇತ್ತು. ಗೆಸ್ಟ್‌ಹೌಸಿನವರಿಗೆ ತಿಳಿಯಲಿ ಎಂದು ಕನ್ನಡದಲ್ಲಿ ಬರೆದದ್ದು. ಬಸವಕುಮಾರ್ ಓದಿದರು: ‘ಇದು ಪೇಜನ್ನು ಅಳಿಸುವುದಿಲ್ಲ, ಬಾಗಿಲು ಮುಂದೆ ಮಾಡುತ್ತದೆ ಅಷ್ಟೆ.’ ಅವರಿಗೆ ನಗು ಬಂತು. ಕಂಪ್ಲಿಯ ಅವರ ತಾಯಿಯೂ ಬಾಗಿಲು ಮುಚ್ಚು ಎಂದವರಲ್ಲ, ಮನೆಗೆ ಆ ಮಾತು ಆಗದು ಎಂದು ‘ಮುಂದ ಮಾಡು’ ಎನ್ನುತ್ತಿದ್ದರು. ಗಂಟೆಯ ದಾರಿಯ ಊರು, ಹೋಗಿ ತಿಂಗಳುಗಳಾಗಿದ್ದವು. ತಾಯಿಯ ನೆನಪಾಗಿ ಪಿಚ್ಚೆನಿಸಿತು.

ಕೊನೆಯಲ್ಲಿ ಇನ್ನೊಂದು ಸಾಲು: ‘ಎಚ್ಚರಿಕೆ: ಮನೆಯ ಹೆಸರನ್ನು ಪೂರ್ತಿ ಬರೆಯಿರಿ. ಪಂಪಾ ಎಂದಷ್ಟೇ ಬರೆದರೆ ಆ ಹೆಸರಿನ ಎಲ್ಲ ಮನೆಗಳ ಬಾಗಿಲೂ ಮುಂದಾಗುತ್ತದೆ.’

“ಇದನ್ನ ಯಾವಾಗ ಬರದದ್ದು?”

ಮನೋಹರ್ ಕಂಪ್ಯೂಟರಿನಲ್ಲಿ ನೋಡಿದ. ಪೇಜುಗಳು ಬಂದ್ ಆದದ್ದು ಶುಕ್ರವಾರ ಮಧ್ಯಾಹ್ನ ಎರಡೂವರೆಗೆ. ಈ ಸಾಲು ಸೇರಿದ್ದು ಮೂರಕ್ಕೆ. ಹಂಪಿಯಲ್ಲಿ ಆಗಿನ್ನೂ ಯಾರಿಗೂ ಸುದ್ದಿಯೇ ಗೊತ್ತಿರಲಿಲ್ಲ.

“ಯಾರು ಬರದದ್ದು?”

“ನಮ್ಮ ಆಫೀಸಿನ ಶೈಲಶ್ರೀ ರೀ. ಶುಕ್ರವಾರ ಸಂಜಿಯಿಂದ ರಜಾ ಹಾಕ್ಯಾಳ.” ಅವನು ತಡೆದು ಹೇಳಿದ. “ವಿರೂಪಾಕ್ಷಪ್ಪನವರ ಮಗಳು.”

ಪಂಚನಾಮೆ ಮುಗಿಸಿ, ಅದಿರು ಲಾರಿಗಳ ಸಾಲು ದಾಟಿ ಜೀಪು ಪಂಪಾ ನಿಲಯ ತಲುಪಿದಾಗ ಐದೂಕಾಲು. ಜೊತೆಗೆ ಕಾನ್‌ಸ್ಟೇಬಲ್ ರಮಾ ಇದ್ದಳು. ಶೈಲಶ್ರೀ ಅಂಗಳದಲ್ಲಿ ಗಿರಾಕಿಗಳ ಚಾದರ ಮಡಚುತ್ತಿದ್ದಳು.

“ಪೇಜ್ ಬಂದ್ ಮಾಡಿದಾಕಿ ನೀನಾ?”

“ಹೌದ್ರಿ. ನಮ್ಮನಿದೊಂದ ಮಾಡಬೇಕಂತಿದ್ದೆ. ಅವಸರದಾಗ ಪಂಪಾ ಅಂತ ಅಷ್ಟ ಟೈಪ್ ಆತು.”

“ಎಚ್ಚರಿಕಿ ಯಾಕ ಬರದಿ?”

“ಇನ್ನೊಬ್ರು ಹಂಗ ತಪ್ಪಬಾರ್ದಲ್ರಿ.”

“ಸ್ವಂತ ಅಪ್ಪಗ ಯಾಕ ಹಿಂಗ ಮಾಡ್ದಿ?”

ಅವಳು ಮೂಲೆಯ ರೂಮಿನ ಕಡೆ ನೋಡಿದಳು. “ಅದು ನನ್ನ ರೂಮ್ ರೀ. ಸಣ್ಣಾಕಿದ್ದಾಗ ಬಾಡಿಗಿಗೆ ಬಿಟ್ರು. ಆಮ್ಯಾಲೆ ಅಡಗಿಮನ್ಯಾಗ, ಮಾಳಿಗಿ ಮ್ಯಾಲೆ ಮಲಗಿದೆ. ಈಗ ಹೊಸಪೇಟಿ ಹಾಸ್ಟೆಲ್. ಬರೋ ತಿಂಗಳು ಮದುವಿಯಾಗಿ ಯಶವಂತನಗರಕ್ಕ ಹೋಗ್ತೀನಿ. ಅಷ್ಟರಾಗ ಒಂದ ರಾತ್ರಿ ಅವ್ವನ ಬಾಜೂಕ ಅಲ್ಲಿ ಮಲಗಬೇಕು ಅನಿಸ್ತು.”

“ಮಲಗಿದ್ಯಾ?”

“ಎಲ್ಲಿ ಆತ್ರಿ. ಆ ರೂಮಿನ್ಯಾಗ ಇದ್ದ ಗಿರಾಕಿ ಇವತ್ತ ಮುಂಜಾನೆ ಹೋದ್ರು.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ವಿರೂಪಾಕ್ಷಪ್ಪ ಅಂಗಳಕ್ಕೆ ಇಳಿದ. “ಕೇಳಿದ್ರ ನಾ ಕೊಡ್ತಿದ್ದಿಲ್ಲೇನವಾ?”

“ಕೇಳಿದ್ದೆನಪ್ಪ. ಸೀಜನ್ ಮುಗೀಲಿ ಅಂದಿ.”

ಅವನು ಕಟ್ಟೆಯ ಮೇಲೆ ಕೂತ. “ಸಾಹೇಬ್ರ, ಕಂಪ್ಲೇಂಟ್ ವಾಪಸ್ ತಗೊಂತೀನ್ರಿ.”

“ನಿಮ್ಮದೊಂದ ಸಹಿ ಅಲ್ಲ. ಆಗಂಗಿಲ್ಲ.”

ತಾಯಿ ಜಂಬಕ್ಕ ಸೆರಗು ಬಾಯಿಗೊತ್ತಿ ನಿಂತಿದ್ದಳು. ಬಸವಕುಮಾರ್ ಅವಳ ಕಡೆ ತಿರುಗಿದರು. “ಅಮ್ಮಾ, ಒಂದೀಟು ಚಾ ಮಾಡ್ತೀರೇನು?”

ಚಹ ಬಂತು. ಅದನ್ನವರು ಇಷ್ಟಿಷ್ಟೇ ಗುಟುಕರಿಸಿದರು. ರಮಾ ಹತ್ತಿರ ಬಂದು ಪಿಸುಗುಟ್ಟಿದಳು. “ಸರ್, ಹೊತ್ತು ಮುಳುಗಿದ್ರ ಹೆಣ್ಣುಮಕ್ಕಳನ್ನ ಅರೆಸ್ಟ್ ಮಾಡಾಕ ಬರಂಗಿಲ್ರಿ.”

“ಗೊತ್ತೈತಿ. ಇನ್ನೊಂದು ಚಾ ಹೇಳು.”

ಎರಡನೇ ಲೋಟ ಖಾಲಿಯಾಗುವಾಗ ಸೂರ್ಯ ಬಂಡೆಗುಡ್ಡದ ಹಿಂದೆ ಇಳಿದಿದ್ದ. ರಮಾಳನ್ನು ಕಾವಲಿಗೆ ಪಡಸಾಲೆಯಲ್ಲಿ ಕೂರಿಸಿ ಅವರು ಎದ್ದರು. ಮೂಲೆಯ ರೂಮಿನೊಳಗೆ ಹೋಗುತ್ತಿದ್ದ ಮಗಳಿಗೆ ಜಂಬಕ್ಕ ಹೇಳಿದ್ದು ಅಂಗಳದವರೆಗೂ ಕೇಳಿಸಿತು. “ಬಾಗ್ಲಾ ಮುಂದ ಮಾಡವಾ, ಗಾಳಿ ಬರ್ತೈತಿ.”

ಮರುದಿನ ಸೂರ್ಯ ಹುಟ್ಟಿದ ಮೇಲೆ ರಮಾ ಆ ಬಾಗಿಲನ್ನು ತಟ್ಟಲಿಲ್ಲ, ಮೆಲ್ಲಗೆ ತಳ್ಳಿದಳು. ಚಿಲಕ ಹಾಕಿರಲಿಲ್ಲ. ಒಂದೇ ಕೌದಿಯಲ್ಲಿ ತಾಯಿ ಮಗಳು ಮಲಗಿದ್ದರು. ಬಸವಕುಮಾರ್ ಇನ್ನೊಂದಿಷ್ಟು ಹೊತ್ತು ಅಂಗಳದಲ್ಲೇ ನಿಂತರು.

ಏಳು ಗಂಟೆಗೆ ಬಂಧನವಾಯಿತು. ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶವನ್ನು ಅವರು ಒಂದೇ ಸಾಲಿನಲ್ಲಿ ಬರೆದರು: ‘ಆರೋಪಿತಳಿಗೆ ತನ್ನ ಮನೆಯಲ್ಲಿ ಒಂದು ರಾತ್ರಿ ಉಳಿಯಬೇಕಿತ್ತು.’