ಮಣ್ಣಿನ ಕಾರಿಗೊಂದು ಸುಳ್ಳು

"ಇದೇನು ಕಾರಿನ ಮೂತೀನಾ, ಆಕಳಿಸ್ತಿರೋ ಮೊಸಳೇನಾ?"

ಮಾತು ಕಿವಿಗೆ ಬಿದ್ದಾಗ ಅವಳು ಹಿಂಚಕ್ರದ ಬಳಿ ಮಂಡಿಯೂರಿ ಜೇಡಿಮಣ್ಣು ಹೆರೆಯುತ್ತಿದ್ದಳು. ತಗಡಿನ ಕಾರು ಹುಟ್ಟುವ ಮೊದಲು ಅದೇ ಅಳತೆಯ ಮಣ್ಣಿನ ಕಾರನ್ನು ಕಟ್ಟಿ ತಿದ್ದುವುದು ಆ ವಿನ್ಯಾಸಶಾಲೆಯ ಕ್ರಮ. ತಿದ್ದುವ ಕೈ ಅವಳದು.

"ಆ ಮೊಸಳೆ ಕೆತ್ತಿದ್ದು ನಾನೇ," ಎನ್ನುತ್ತ ಎದ್ದು ನಿಂತಳು.

ಬಂದವನು ಕಾರುಗಳ ವಿಮರ್ಶಕ. ಮೂಗು ಮುರಿಯುವುದನ್ನೇ ಕಸುಬಾಗಿಸಿಕೊಂಡ ಅವನಿಗೆ ಓದುಗರು ಇಟ್ಟ ಹೆಸರು ಸಿಡುಕಪ್ಪ.

"ಕ್ಷಮಿಸಿ," ಎಂದ. ಮತ್ತೊಮ್ಮೆ ನೋಡಿದ. "ಆದ್ರೂ ಮೊಸಳೇನೇ."

"ಕೆತ್ತಿಸಿದ್ದು ಈ ಕಂಪನಿ ಯಜಮಾನ್ರು. ನೋಡಿದಾಗೆಲ್ಲ ನಂಗೂ ವಾಕರಿಕೆ ಬರತ್ತೆ."

ಅವನ ಹುಬ್ಬು ಮೇಲೇರಿತು. ತನ್ನಷ್ಟೇ ಹೇಸಿಕೊಳ್ಳಬಲ್ಲ ಜೀವವನ್ನು ಅವನು ಕಂಡಿರಲಿಲ್ಲವೆಂದು ತೋರುತ್ತದೆ.

"ಹಿಂದೆ ನಾಲ್ಕು ಸುಳ್ಳು ಸೈಲೆನ್ಸರ್ ಬೇರೆ," ಎಂದ.

"ಒಳಗೆ ಫ್ಯಾನ್ ಹಾಕೋಕೂ ಟಚ್ ಸ್ಕ್ರೀನ್."

"ರೇಸ್ ನೋಡ್ತೀರಾ?"

"ನೋಡ್ತಿದ್ದೆ. ಈಗ ಟೈರ್ ಸವೆಯತ್ತೆ ಅಂತ ಒಬ್ಬರ ಹಿಂದೆ ಒಬ್ಬರು ಹೋಗ್ತಾರೆ, ಸ್ಕೂಲ್ ಮಕ್ಕಳನ್ನ ಸಾಲಾಗಿ ರಸ್ತೆ ದಾಟಿಸಿದ ಹಾಗೆ. ಥೂ."

ಆ 'ಥೂ' ಕೇಳಿ ಅವನು ಕರಗಿದಂತೆ ಕಂಡಿತು. ಅವಳಿಗೂ ಧೈರ್ಯ ಬಂತು.

"ಕಣ್ಮುಚ್ಚಿ ಇಲ್ಲಿ ಕೈ ಆಡಿಸಿ. ಕಣ್ಣಿಗೆ ಸಿಗದ್ದು ಅಂಗೈಗೆ ಸಿಗತ್ತೆ."

ಹಿಂಚಕ್ರದ ಮೇಲಿಂದ ಬಾಗಿಲವರೆಗೆ ಹರಿಯುವ ಆ ಒಂದು ಗೆರೆಯಲ್ಲಿ ಮಾತ್ರ ಅವಳ ಮನಸ್ಸಿತ್ತು. ಅವನ ಅಂಗೈ ಅದರ ಮೇಲೆ ಮೆಲ್ಲನೆ ಸಾಗಿದಂತೆ ಮೂಗಿನ ಸುಕ್ಕುಗಳು ಒಂದೊಂದಾಗಿ ಬಿಚ್ಚಿಕೊಂಡವು. ಇನ್ನೊಮ್ಮೆ ಕೈ ಆಡಿಸಿದ. ತನ್ನ ಭುಜವನ್ನೇ ಸವರಿದಂತಾಗಿ ಅವಳು ಮುಖ ತಿರುಗಿಸಿದಳು.

"ಇವತ್ತು ಇದರ ಮೇಲೆ ಸುಳ್ಳು ಗಾಳಿಕಿಂಡಿ ಕೊರೀಬೇಕಂತೆ," ಎಂದಳು.

"ಮುಟ್ಟಬೇಡಿ ಅಂತ ಯಜಮಾನ್ರಿಗೆ ನಾನು ಹೇಳ್ತೀನಿ."

"ಅಯ್ಯೋ, ಬೇಡಿ ಮಹರಾಯ್ರೆ. ನಿಮ್ಮನ್ನ ಯಾಕೆ ಕರೆಸಿದಾರೆ ಅಂದ್ಕೊಂಡ್ರಿ? ನೀವು ಹೊಗಳಿದ ಗಾಡಿ ಒಂದೂ ಮಾರಾಟ ಆಗಿಲ್ಲ. ನೀವು ಉಗಿದದ್ದನ್ನ ಉಳಿಸ್ಕೊಳ್ತಾರೆ, ಮೆಚ್ಚಿದ್ದನ್ನ ಕಿತ್ತು ಹಾಕ್ತಾರೆ."

ಕಹಿ ಮಾತ್ರೆ ಅಗಿದವನಂತೆ ಅವನು ಮುಖ ಮಾಡಿದ. "ಕಾರಿನ ವಿಷಯದಲ್ಲಿ ಈವರೆಗೆ ನಾನು ಸುಳ್ಳು ಹೇಳಿಲ್ಲ."

"ಹೇಳಿ ಅಂತ ನಾನೂ ಕೇಳ್ತಿಲ್ಲ," ಎಂದು ಅವಳು ಕೊರೆಯುವ ಅಲಗನ್ನು ಕೈಗೆತ್ತಿಕೊಂಡಳು.

ಅಷ್ಟರಲ್ಲಿ ಯಜಮಾನರು ಬಂದರು. "ಹೇಗಿದೆ ಸರ್ ನಮ್ಮ ಗಾಡಿ?"

ಸಿಡುಕಪ್ಪ ಅವಳನ್ನೂ ಅವಳ ಕೈಯ ಅಲಗನ್ನೂ ನೋಡಿದ. ಆಮೇಲೆ ಮೊಸಳೆಯ ಮೂತಿಯ ಮೇಲೆ ಕೈಯಿಟ್ಟು ಉಗುಳು ನುಂಗಿದ.

"ಮೂತಿ... ಬಹಳ ಮುದ್ದಾಗಿದೆ."

ಯಜಮಾನರ ನಗು ಬಾಡಿತು. "ಈ ಪಕ್ಕ?"

"ಅಸಹ್ಯ." ಅವನು ಗೆರೆಯತ್ತ ಕೈ ತೋರಿದನಾದರೂ ಕಣ್ಣು ಅವಳ ಮೇಲಿತ್ತು. "ಇವತ್ತು ನಂಗೆ ನಿದ್ದೆ ಬರಲ್ಲ. ಮರೀಬೇಕು ಅಂದ್ರೂ ಕಣ್ಣ ಮುಂದೇನೇ ಇರತ್ತೆ. ಕಿಂಡಿ ಕೊರೆದ್ರೆ ಸುಧಾರಿಸೀತೇನೋ."

"ಕಿಂಡಿ ಬೇಡಮ್ಮ," ಎಂದರು ಯಜಮಾನರು ತಕ್ಷಣ. "ಆ ಮೂತಿ ತೆಗೆದುಬಿಡು. ಪಕ್ಕ ಮುಟ್ಟಬೇಡ." ಹಗುರವಾಗಿ ಹೆಜ್ಜೆ ಹಾಕುತ್ತ ಹೊರಟುಹೋದರು.

ಸಿಡುಕಪ್ಪ ಸ್ಟೂಲಿನ ಮೇಲೆ ಕುಸಿದ. "ನೀರು ಕೊಡಿ. ಬಾಯಿ ತೊಳ್ಕೋಬೇಕು. ಮುದ್ದಾಗಿದೆಯಂತೆ, ಥೂ."

ಅವಳು ಲೋಟ ತಂದುಕೊಟ್ಟಳು. "ಎರಡು ಸುಳ್ಳು ಹೇಳಿದ್ರಿ ಪಾಪ, ನಂಗೋಸ್ಕರ."

"ಎರಡೇ. ನಿದ್ದೆ ಬರಲ್ಲ ಅಂದದ್ದನ್ನ ಅದಕ್ಕೆ ಸೇರಿಸ್ಬೇಡಿ."

"ಅದು ಕಾರಿನ ಬಗ್ಗೆ ಹೇಳಿದ್ದು ತಾನೇ?"

"ನಾನು ಕಾರನ್ನ ನೋಡ್ತಾನೇ ಇರಲಿಲ್ಲ."

ಮಣ್ಣು ಮೆತ್ತಿದ ಮುಂಗೈಯಿಂದ ಅವಳು ಕೆನ್ನೆ ಒರೆಸಿಕೊಂಡಳು. ಅಲ್ಲೊಂದು ಕಂದು ಗೆರೆ ಮೂಡಿತು. ಅದನ್ನು ಕಂಡೂ ಅವನು ಮೂಗು ಮುರಿಯಲಿಲ್ಲ.

"ಎದ್ದೇಳಿ," ಎಂದು ಅವಳು ಅಲಗಿನ ಹಿಡಿಯನ್ನು ಅವನತ್ತ ಚಾಚಿದಳು. "ಮೊಸಳೆ ಹಲ್ಲು ಕೀಳೋಣ, ಇಬ್ಬರೂ ಸೇರಿ."