ಸೀಸದ ಬಿಲ್ಲೆಗಳು

ಕಣ್ಣಿಲ್ಲ, ಮೂಗಿಲ್ಲ, ಇಂಥದ್ದರ ಚಹರೆಯನ್ನು ಎಫ್‌ಐಆರ್‌ನಲ್ಲಿ ಬರೆಯುವುದು ಹೇಗೆ? ಇನ್‌ಸ್ಪೆಕ್ಟರ್ ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡಿದರು. ಯಾವುದು ಮೇಲು, ಯಾವುದು ಕೆಳಗು ಎಂಬುದೇ ಖಚಿತವಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆ. ದೂರು ತಂದ ಶಿಲ್ಪಿ ಎದುರಿಗೆ ಕೂತಿದ್ದರು. ಐವತ್ತು ದಾಟಿದ ಹೆಂಗಸು. ಅವರಿಗೆ ಹೆಸರು ತಂದದ್ದು ನೀರಿನಂತೆ ನುಣುಪಾದ, ಯಾವ ಆಕಾರಕ್ಕೂ ಸಿಗದ ಕಲ್ಲುಗಳು. ಕಳುವಾದದ್ದು ಅವರ ಮೊದಲ ಕೃತಿ, ಮೈತುಂಬ ಉಳಿಯ ಗುರುತಿದ್ದ ಒಂದೇ ಒಂದು ಕಲ್ಲು.

"ಏನಂತ ಬರೀಲಿ ಸಾರ್?" ಹೆಡ್ ಕಾನ್‌ಸ್ಟೇಬಲ್ ಕೇಳಿದ.

"ತೂತಿರೋ ಕಲ್ಲು ಅಂತ ಬರ್ಕೊಳ್ಳಿ," ಎಂದರು ಶಿಲ್ಪಿ. "ನನ್ನ ತಮ್ಮ ಮೂವತ್ತು ವರ್ಷದಿಂದ ಹಾಗೇ ಕರೀತಾನೆ."

"ಈಗಲೇ ಯಾಕೆ ಹೋಯ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ನಾಳೆ ಅದನ್ನ ಉಜ್ಜಿ ನುಣುಪು ಮಾಡೋಳಿದ್ದೆ. ಬರೋ ಪ್ರದರ್ಶನದಲ್ಲಿ ನನ್ನ ಉಳಿದ ಕಲ್ಲುಗಳ ಪಕ್ಕ ಒರಟಾಗಿ ಕಾಣುತ್ತೆ. ನಾಚಿಕೆ ಆಗುತ್ತೆ ನನಗೆ."

ಮಧ್ಯಾಹ್ನ ಕಾರ್ಯಾಗಾರದಲ್ಲಿ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಪೀಠದ ಧೂಳಿನಲ್ಲಿ ಮೂರು ದುಂಡನೆಯ ಗುರುತುಗಳಿದ್ದವು.

"ಇವೇನು?"

"ಸೀಸದ ಬಿಲ್ಲೆ ಇದ್ದ ಜಾಗ. ಆ ಕಲ್ಲು ವಾಲಿಕೊಂಡೇ ನಿಲ್ಲಬೇಕು. ಬಿಲ್ಲೆ ಇಲ್ಲದಿದ್ರೆ ಉರುಳುತ್ತೆ."

ಕಳ್ಳ ಬಿಲ್ಲೆಗಳನ್ನೂ ಒಯ್ದಿದ್ದ. ಮಾರುವವನಿಗೆ ಕಲ್ಲು ಸಾಕಿತ್ತು. ಇವನು ಅದನ್ನು ಮತ್ತೆ ನಿಲ್ಲಿಸುವವನು.

"ಕಲ್ಲು ನಿಲ್ಲಿಸೋರು ಯಾರು?"

ಶಿಲ್ಪಿ ಆ ಗುರುತುಗಳ ಕಡೆ ನೋಡಿದರು. "ತಮ್ಮ. ಎಲ್ಲವನ್ನೂ ಅವನೇ."

ಸಂಜೆ ತಮ್ಮ ತನ್ನ ಷೆಡ್ಡಿನ ಬಾಗಿಲು ತೆರೆದು ತಾನೇ ಪಕ್ಕಕ್ಕೆ ಸರಿದ. ಕಿಟಕಿಯ ಬೆಳಕಿನಲ್ಲಿ ಕಲ್ಲು ನಿಂತಿತ್ತು, ಮೂರು ಬಿಲ್ಲೆಗಳ ಮೇಲೆ, ತುಸು ವಾಲಿಕೊಂಡು. ಮೇಲು ಕೆಳಗು ಈಗ ಇನ್‌ಸ್ಪೆಕ್ಟರಿಗೆ ತಾನಾಗಿ ತಿಳಿಯಿತು.

"ಬಚ್ಚಿಡೋಕೂ ಬರಲ್ವಲ್ಲಯ್ಯ ನಿಂಗೆ," ಹೆಡ್ ಕಾನ್‌ಸ್ಟೇಬಲ್ ಗೊಣಗಿದ.

"ಮಲಗಿಸಿದ್ರೆ ಅಂಚು ಒಡೆಯುತ್ತೆ ಸಾರ್."

"ಉಜ್ಜಬೇಡ ಅಂತ ಅಕ್ಕನಿಗೆ ಹೇಳಬಹುದಿತ್ತಲ್ಲ?" ಇನ್‌ಸ್ಪೆಕ್ಟರ್ ಕೇಳಿದರು.

"ಅವಳ ಕೆಲಸದಲ್ಲಿ ನಾನು ಬಾಯಿ ಹಾಕಲ್ಲ." ಅವನು ಕಲ್ಲಿನ ಕಡೆ ನೋಡಿದ. "ಉಜ್ಜಿದ್ರೆ ಅದು ಮತ್ತೆ ಬರಲ್ಲ. ಅಷ್ಟೇ."

ಕಲ್ಲು, ಬಿಲ್ಲೆ ಎರಡೂ ಜಪ್ತಿಯಾದವು. ಆರು ಹತ್ತಕ್ಕೆ ಬಂಧನ ದಾಖಲಾಯಿತು.

ಮರುದಿನ ಕೋರ್ಟಿನಲ್ಲಿ ಜಾಮೀನು ಕೊಡಲು ಅಕ್ಕನೇ ಬಂದರು. ಸಹಿ ಹಾಕಿ, ತಮ್ಮನ ಪಕ್ಕ ಬೆಂಚಿನ ಮೇಲೆ ಕೂತರು.

"ಕೋರ್ಟಿಂದ ಕಲ್ಲು ಬಿಡಿಸ್ಕೊಂಡ ಮೇಲೆ ನಿಲ್ಲಿಸೋಕೆ ಬರ್ತೀಯೇನೋ?"

"ಉಜ್ಜಿ ಆದ್ಮೇಲಾ?"

"ಇಲ್ಲ. ಇರೋ ಹಾಗೇ. ಪ್ರದರ್ಶನದ ಬಾಗಿಲಲ್ಲೇ, ಎಲ್ಲಕ್ಕಿಂತ ಮುಂದೆ."

ತಮ್ಮ ತಲೆಯಾಡಿಸಿದ. "ತೂತು ಬೆಳಕಿನ ಕಡೆ ಇರ್ಲಿ," ಎಂದ.

ಮೂವತ್ತು ವರ್ಷ ಅಕ್ಕನ ಒಂದೊಂದು ಕಲ್ಲನ್ನೂ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದವನು ಅವನು. ಚೆನ್ನಾಗಿದೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಅಂದೂ ಹೇಳಲಿಲ್ಲ.